ಪೆಟ್ಟಿಗೆಗೆ ಮಳೆ ಕಾಣುವುದಿಲ್ಲ

(ಫ್ಲೈಟ್ ಸಿಮ್ಯುಲೇಟರ್ ಆಸಕ್ತರ ಮುಂದೆ ಆಡಿದ ಮಾತುಗಳ ಬರಹ ರೂಪ. ಪರದೆಯ ಮೇಲೆ ತೋರಿಸಿದ್ದನ್ನು ಇಲ್ಲಿ ಮಾತಿನಲ್ಲೇ ಹೇಳಿದ್ದೇನೆ. ಉಳಿದದ್ದು ಆಡಿದ ಹಾಗೇ ಇದೆ.)

ಎಲ್ಲರಿಗೂ ನಮಸ್ಕಾರ. ಮೊದಲೇ ಒಂದು ತಪ್ಪು ಒಪ್ಪಿಕೊಂಡುಬಿಡುತ್ತೇನೆ. ಬೋಯಿಂಗ್ 737 ಹಾರಿಸಲು ಶುರು ಮಾಡಿ ಹೆಚ್ಚುಕಡಿಮೆ ಎರಡು ವರ್ಷ ನಾನು ಎಫ್‌ಎಂಸಿಯ (ವಿಮಾನದ ಲೆಕ್ಕದ ಕಂಪ್ಯೂಟರ್, ನಾನು 'ಪೆಟ್ಟಿಗೆ' ಅನ್ನುವುದು ಇದನ್ನೇ) 'ಟೇಕಾಫ್ ರೆಫ್' ಎರಡನೇ ಪುಟವನ್ನು ತೆರೆದೇ ಇರಲಿಲ್ಲ. ಹಾರಿಸುವುದು ಅಂದರೆ ಮೇಜಿನ ಮುಂದೆ ಕೂತು, ನಿಮ್ಮ ಹಾಗೇ. ಮೊದಲ ಪುಟದಲ್ಲಿ ಫ್ಲಾಪ್ ಎಷ್ಟು ಅಂತ ಹಾಕುತ್ತಿದ್ದೆ, ಸಿಜಿ, ಅಂದರೆ ವಿಮಾನದ ತೂಕದ ಕೇಂದ್ರ, ಹಾಕುತ್ತಿದ್ದೆ. ಬಲಗಡೆ ಸಣ್ಣ ಅಕ್ಷರದಲ್ಲಿ ವಿ1 (ಟೇಕಾಫ್ ನಿಲ್ಲಿಸಲು ಕೊನೆಯ ವೇಗ), ವಿಆರ್ (ಮೂಗು ಎತ್ತುವ ವೇಗ), ವಿ2 (ಒಂದು ಎಂಜಿನ್ ಹೋದರೂ ಸುರಕ್ಷಿತವಾಗಿ ಏರುವ ವೇಗ) ಬಂದು ಕೂರುತ್ತಿದ್ದವು. ಪಕ್ಕದ ಕೀಗಳನ್ನು ಒತ್ತಿದರೆ ದೊಡ್ಡ ಅಕ್ಷರ ಆಗುತ್ತಿದ್ದವು. ಮುಗೀತು, ಹೊರಡು. ಕಂಪ್ಯೂಟರೇ ಲೆಕ್ಕ ಹಾಕಿ ಕೊಟ್ಟ ಮೇಲೆ ನನ್ನದೇನು ಕೆಲಸ?

ಒಂದು ರಾತ್ರಿ ಜೋರು ಮಳೆಯ ಹವಾಮಾನ ಹಾಕಿಕೊಂಡು ಟೇಕಾಫ್ ನಿಲ್ಲಿಸುವ ಅಭ್ಯಾಸ ಮಾಡುತ್ತಿದ್ದೆ. ಭಾರದ ವಿಮಾನ, ಅಷ್ಟೇನೂ ಉದ್ದವಲ್ಲದ ರನ್‌ವೇ. ವಿ1ಗೆ ಇನ್ನೊಂದೆರಡು ನಾಟ್ ಇದೆ ಅನ್ನುವಾಗ ಎಡ ಎಂಜಿನ್ ಹೋಯಿತು. ವಿ1ಗಿಂತ ಮೊದಲು ಹೋದರೆ ನಿಲ್ಲಿಸಬೇಕು, ನಿಲ್ಲಿಸಿದೆ. ಥ್ರಸ್ಟ್ ಲಿವರ್ ಹಿಂದಕ್ಕೆ, ಆಟೋಬ್ರೇಕ್ ಹಿಡಿಯಿತು, ಸ್ಪೀಡ್‌ಬ್ರೇಕ್ ಎದ್ದಿತು, ಎಂಜಿನ್ನಿನ ಗಾಳಿಯನ್ನು ಮುಂದಕ್ಕೆ ತಿರುಗಿಸುವ ರಿವರ್ಸರ್ ಎಳೆದೆ. ನನ್ನ ಕಡೆಯಿಂದ ಒಂದೂ ತಪ್ಪಿಲ್ಲ. ಆದರೂ ರನ್‌ವೇ ಮುಗಿಯಿತು, ವಿಮಾನ ನಿಲ್ಲಲಿಲ್ಲ. ಕೊನೆಯ ಕೆಂಪು ದೀಪಗಳ ಸಾಲು ದಾಟಿ ನಿಧಾನವಾಗಿ ಹುಲ್ಲಿಗೆ ಇಳಿಯಿತು.

ನಾನು ಬೈದದ್ದು ಸಿಮ್ಯುಲೇಟರನ್ನು. ಆಮೇಲೆ ಸಮಾಧಾನವಾಗಿ ಕೂತು ಎಲ್ಲ ಪುಟ ನೋಡುತ್ತಾ 'ನೆಕ್ಸ್ಟ್ ಪೇಜ್' ಒತ್ತಿದೆ. ಅಲ್ಲಿತ್ತು. 'ಆರ್‌ಡಬ್ಲ್ಯು ಕಂಡ್'. ರನ್‌ವೇ ಕಂಡಿಷನ್, ಅಂದರೆ ರನ್‌ವೇ ಹೇಗಿದೆ ಅಂತ. ಅದರಲ್ಲಿ ಆಯ್ಕೆಯಾಗಿದ್ದದ್ದು 'ಡ್ರೈ'. ಕಿಟಕಿ ಗಾಜಿನ ಮೇಲೆ ವೈಪರ್ ಆಡುತ್ತಾ ಇದೆ, ಪೆಟ್ಟಿಗೆಯ ಲೆಕ್ಕದಲ್ಲಿ ರನ್‌ವೇ ಒಣಗಿದೆ!

ಎಫ್‌ಎಂಸಿಗೆ ಕಣ್ಣಿಲ್ಲ. ಹೊರಗಿನ ತಾಪಮಾನ ಅದಕ್ಕೆ ಸೆನ್ಸರ್‌ನಿಂದ ಸಿಗುತ್ತದೆ, ಎಷ್ಟು ಇಂಧನ ಇದೆ ಅಂತ ಗೊತ್ತಾಗುತ್ತದೆ. ಆದರೆ ನೆಲದ ಮೇಲೆ ನೀರಿದೆಯೋ ಇಲ್ಲವೋ ಅನ್ನುವುದನ್ನು ನಾವೇ ಹೇಳಬೇಕು. ಹೇಳದಿದ್ದರೆ ಅದು ಕೇಳುವುದೂ ಇಲ್ಲ. ತೂಕ ಹಾಕದಿದ್ದರೆ ಖಾಲಿ ಚೌಕಗಳನ್ನು ತೋರಿಸಿ ಕಾಯುತ್ತದೆ. ರನ್‌ವೇ ವಿಷಯದಲ್ಲಿ ಹಾಗಲ್ಲ. ಸುಮ್ನೆ 'ಒಣಗಿದೆ' ಅಂದುಕೊಂಡು ಮುಂದೆ ಹೋಗುತ್ತದೆ.

ಈಗ ವಿ1 ಬಗ್ಗೆ. ಇದನ್ನು 'ನಿರ್ಧಾರದ ವೇಗ' ಅಂತ ಎಲ್ಲರೂ ಹೇಳುತ್ತಾರೆ. ನನಗೆ ಆ ಹೆಸರು ಅಷ್ಟು ಇಷ್ಟವಿಲ್ಲ. ವಿ1 ತಲುಪಿದ ಮೇಲೆ ಯೋಚನೆ ಶುರು ಮಾಡಬಹುದು ಅನ್ನುವ ಅರ್ಥ ಬಂದುಬಿಡುತ್ತದೆ. ನಿಜವಾದ ಅರ್ಥ ಬೇರೆ. ನಿಲ್ಲಿಸುವುದಾದರೆ ಮೊದಲ ಕೆಲಸ, ಬ್ರೇಕೋ ಲಿವರೋ, ಹೆಚ್ಚೆಂದರೆ ಆ ವೇಗದೊಳಗೆ ಶುರು ಆಗಿರಬೇಕು. 140 ನಾಟ್ ಅಂದರೆ ಸೆಕೆಂಡಿಗೆ 72 ಮೀಟರ್. ಯೋಚನೆಗೆ ಒಂದು ಸೆಕೆಂಡ್ ತಗೊಂಡರೆ 72 ಮೀಟರ್ ಹೋಯಿತು. ಆ ಒಂದು ಸೆಕೆಂಡಿನಲ್ಲಿ ವೇಗವೂ ನಾಲ್ಕು ನಾಟ್‌ನಷ್ಟು ಏರಿರುತ್ತದೆ. ಜಾಸ್ತಿ ವೇಗದಿಂದ, ಮುಂದಿನ ಜಾಗದಿಂದ ನಿಲ್ಲಿಸುವುದಕ್ಕೆ ಶುರು ಮಾಡುತ್ತಿದ್ದೀರಿ ಅಂತಾಯಿತು.

ನೀರು ಇದರಲ್ಲಿ ಏನು ಮಾಡುತ್ತದೆ? ಬ್ರೇಕಿನ ಹಿಡಿತ ಅರ್ಧಕ್ಕಿಳಿದರೆ ನಿಲ್ಲುವ ದೂರ ಎರಡರಷ್ಟಾಗುತ್ತದೆ, ಅದು ಸರಳ ಲೆಕ್ಕ. ರನ್‌ವೇಯನ್ನು ಎಳೆದು ಉದ್ದ ಮಾಡಲು ಆಗುವುದಿಲ್ಲ. ಹಾಗಾಗಿ ಕಡಿಮೆ ವೇಗದಲ್ಲೇ ನಿಲ್ಲಿಸುವ ಅವಕಾಶವನ್ನು ಮುಚ್ಚಿಬಿಡಬೇಕು. 'ವೆಟ್' ಅಂತ ಆರಿಸಿದರೆ ವಿಆರ್, ವಿ2 ಹೆಚ್ಚುಕಡಿಮೆ ಅಲ್ಲೇ ಇರುತ್ತವೆ, ವಿ1 ಮಾತ್ರ ಕೆಲವು ನಾಟ್ ಇಳಿಯುತ್ತದೆ. ಕೆಲವು ನಾಟ್ ತಾನೇ ಅನ್ನಬೇಡಿ. ಚಲಿಸುವ ವಸ್ತುವಿನ ಶಕ್ತಿ ವೇಗದ ವರ್ಗದ ಜೊತೆ ಏರುತ್ತದೆ. 145ರ ಬದಲು 140ರಲ್ಲಿ ನಿಲ್ಲಿಸಿದರೆ ಬ್ರೇಕು ನುಂಗಬೇಕಾದ ಶಕ್ತಿ ಸುಮಾರು ಶೇಕಡಾ 7ರಷ್ಟು ಕಡಿಮೆ.

ಇಲ್ಲಿ ಯಾರಾದರೂ ಕೇಳಲೇಬೇಕು: ವಿ1 ಇಳಿಸಿದರೆ ಇನ್ನೊಂದು ಕಡೆ ತೊಂದರೆ ಆಗುವುದಿಲ್ಲವಾ? ಆಗುತ್ತದೆ. ಇಳಿಸಿದ ವಿ1 ದಾಟಿದ ತಕ್ಷಣ ಎಂಜಿನ್ ಹೋದರೆ ನೀವು ಮುಂದುವರಿಯಲೇಬೇಕು. ಒಂದೇ ಎಂಜಿನ್‌ನಲ್ಲಿ ವಿಆರ್ ತನಕ ಏರಬೇಕು. ಮೊದಲಿಗಿಂತ ಜಾಸ್ತಿ ದೂರ ಬೇಕು. ಹಾಗಾದರೆ ಎರಡೂ ಕಡೆ ಹೇಗೆ ಹೊಂದುತ್ತದೆ? ನಿಯಮವೇ ಒಂದು ಚೌಕಾಸಿ ಮಾಡಿಕೊಂಡಿದೆ. ಒಣ ರನ್‌ವೇಯಲ್ಲಿ ಎಂಜಿನ್ ಹೋಗಿ ಮುಂದುವರಿದ ವಿಮಾನ ರನ್‌ವೇ ಕೊನೆಯನ್ನು 35 ಅಡಿ ಎತ್ತರದಲ್ಲಿ ದಾಟಬೇಕು. ಒದ್ದೆ ರನ್‌ವೇಯಾದರೆ 15 ಅಡಿ ಸಾಕು. ಇನ್ನೊಂದು ರಿಯಾಯಿತಿಯೂ ಇದೆ. ಒಣ ರನ್‌ವೇ ಲೆಕ್ಕದಲ್ಲಿ ರಿವರ್ಸರ್ ಇಲ್ಲ ಅಂದುಕೊಂಡೇ ನಿಲ್ಲುವ ದೂರ ಹಾಕುತ್ತಾರೆ, ಒದ್ದೆಯಲ್ಲಿ ಅದನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಬಹುದು. ಅಂದರೆ ನೀವು 'ವೆಟ್' ಕೀ ಒತ್ತಿದಾಗ ಬರೀ ಒಂದು ಸಂಖ್ಯೆ ಬದಲಾಗುವುದಿಲ್ಲ. ಸುರಕ್ಷತೆಯ ಅಂಚು ಎಲ್ಲಿ ಎಷ್ಟು ತೆಳ್ಳಗಿರಬಹುದು ಅನ್ನುವ ಒಪ್ಪಂದವೇ ಬದಲಾಗುತ್ತದೆ. ನನಗೆ ಈ ವಿಷಯ ಗೊತ್ತಾದ ದಿನ ಸಂಜೆಯೆಲ್ಲ ಅದೇ ತಲೆಯಲ್ಲಿತ್ತು. 15 ಅಡಿ ಅಂದರೆ ಒಂದೂವರೆ ಮಹಡಿ.

737ರ ಪುಟದಲ್ಲಿ ಡ್ರೈ, ವೆಟ್ ಬಿಟ್ಟರೆ ಮೂರನೆಯದೂ ಇದೆ: 'ವೆಟ್ ಎಸ್‌ಕೆ-ಆರ್'. ಸ್ಕಿಡ್ ರೆಸಿಸ್ಟೆಂಟ್, ಅಂದರೆ ಜಾರದ ಹಾಗೆ ಮಾಡಿದ ರನ್‌ವೇ. ಅಡ್ಡಡ್ಡ ಗೀರು ಕೊರೆದಿರುತ್ತಾರೆ. ಅಮೆರಿಕದ ಮಾನದಂಡದಲ್ಲಿ 6 ಮಿಲಿಮೀಟರ್ ಅಗಲ, 6 ಮಿಲಿಮೀಟರ್ ಆಳ, ಒಂದಕ್ಕೊಂದು 38 ಮಿಲಿಮೀಟರ್ ಅಂತರ. ಇಲ್ಲವಾದರೆ ನೀರು ಒಳಗೇ ಇಳಿದು ಹೋಗುವ ರಂಧ್ರದ ಮೇಲ್ಪದರ ಹಾಕಿರುತ್ತಾರೆ. ಟೈರಿನ ಕೆಳಗಿನ ನೀರಿಗೆ ಓಡಿಹೋಗಲು ದಾರಿ ಸಿಗುತ್ತದೆ, ಹಿಡಿತ ಉಳಿಯುತ್ತದೆ. ಆದರೆ ಗೀರು ಇದೆ ಅಂತ ನಕ್ಷೆಯಲ್ಲಿ ಕಂಡ ಮಾತ್ರಕ್ಕೆ ಇದನ್ನು ಒತ್ತುವಂತಿಲ್ಲ. ನಿಜ ಜೀವನದಲ್ಲಿ ಕಂಪನಿಗೆ ಆ ಲಾಭ ತೆಗೆದುಕೊಳ್ಳಲು ಅನುಮತಿ ಇರಬೇಕು. ಅನುಮಾನ ಇದ್ದರೆ ನಾನು ಸೀದಾ 'ವೆಟ್'.

ಸರಿ, ಹುಲ್ಲಿನ ಕಥೆಗೆ ವಾಪಸ್. ಮಾರನೇ ದಿನ ಅದೇ ತೂಕ, ಅದೇ ಮಳೆ, ಅದೇ ರನ್‌ವೇ, ಈ ಸಲ 'ವೆಟ್' ಒತ್ತಿದೆ. ಮೊದಲು ಆರಿಸಿದ್ದ ವೇಗಗಳು ಮಾಯ. 'ಟೇಕಾಫ್ ಸ್ಪೀಡ್ಸ್ ಡಿಲೀಟೆಡ್' ಅನ್ನುವ ಸಂದೇಶ ಬಂತು, ಪರದೆಯಲ್ಲಿ ಹಳದಿ ಬಣ್ಣದ 'ನೋ ವಿ ಸ್ಪೀಡ್'. ಹೊಸಬರು ಇದನ್ನು ನೋಡಿ ಗಾಬರಿಯಾಗುತ್ತಾರೆ. ಗಾಬರಿ ಬೇಡ, ಪೆಟ್ಟಿಗೆ ಇಲ್ಲಿ ಜಾಣತನ ತೋರಿಸುತ್ತಿದೆ: 'ನೀನು ಲೆಕ್ಕದ ಬುಡವನ್ನೇ ಬದಲಾಯಿಸಿದೆ, ಹಳೆಯ ವೇಗ ಈಗ ನಡೆಯಲ್ಲ, ಹೊಸದನ್ನು ನೋಡಿ ಮತ್ತೆ ಆರಿಸು.' ಆರಿಸಿದೆ, ಹೊರಟೆ, ಎಂಜಿನ್ ಹೋಯಿತು, ನಿಲ್ಲಿಸಿದೆ. ನಿಂತಿತು. ನನಗೆ ಭಾರಿ ಖುಷಿ.

ಒಂದು ವಾರ ಆದ ಮೇಲೆ ಇನ್ನೂ ಚಿಕ್ಕ ರನ್‌ವೇ ಒಂದರಲ್ಲಿ ಇದೇ ಆಟ. 'ವೆಟ್' ಒತ್ತಿದ್ದೆ, ಸರಿಯಾದ ವಿ1 ಬಂದಿತ್ತು. ಮತ್ತೆ ಹುಲ್ಲು.

ಈ ಎರಡನೇ ಹುಲ್ಲೇ ನನಗೆ ನಿಜವಾದ ಪಾಠ ಕಲಿಸಿದ್ದು. ಬೋಯಿಂಗ್‌ನ ಕೈಪಿಡಿಯಲ್ಲೇ ಇದು ಸ್ಪಷ್ಟವಾಗಿದೆ. ಎಫ್‌ಎಂಸಿ ಕೊಡುವ ಟೇಕಾಫ್ ವೇಗಗಳು ರನ್‌ವೇ ಎಷ್ಟು ಉದ್ದ ಇದೆ ಅಂತ ನೋಡುವುದಿಲ್ಲ. ಒಂದು ಎಂಜಿನ್ ಹೋದರೆ ಏರಲು ಆಗುತ್ತದಾ, ಮುಂದೆ ಗುಡ್ಡ ಇದೆಯಾ ಅಂತಲೂ ನೋಡುವುದಿಲ್ಲ. ಅವನ್ನು ಬೇರೆ ಕಡೆ ಲೆಕ್ಕ ಮಾಡಿ, ಸರಿ ಇದೆ ಅಂತ ಖಾತ್ರಿಯಾದ ಮೇಲೆ ಮಾತ್ರ ಈ ವೇಗ ಬಳಸಬೇಕು. ನೀವು ರೂಟ್ ಪುಟದಲ್ಲಿ ರನ್‌ವೇ ಹೆಸರು ಹಾಕಿರುತ್ತೀರಿ. ಅದರ ಉದ್ದ ಡೇಟಾಬೇಸಿನಲ್ಲೂ ಇರುತ್ತದೆ. ಆದರೂ ವೇಗದ ಲೆಕ್ಕಕ್ಕೆ ಅದನ್ನು ಮುಟ್ಟುವುದಿಲ್ಲ. ನೀವು ಕೇಳಿದ್ದು 'ಈ ತೂಕಕ್ಕೆ ವೇಗ ಎಷ್ಟು' ಅಂತ, ಅದು ಹೇಳಿತು. 'ಇಲ್ಲಿಂದ ಏಳಬಹುದಾ' ಅಂತ ನೀವು ಕೇಳಲಿಲ್ಲ, ಅದು ಹೇಳಲೂ ಇಲ್ಲ.

ಹಾಗಾಗಿಯೇ ನಿಜವಾದ ಪೈಲಟ್‌ಗಳು ಈ ಲೆಕ್ಕವನ್ನು ಟ್ಯಾಬ್ಲೆಟ್‌ನಲ್ಲೋ ಕಂಪನಿಯ ಪಟ್ಟಿಯಲ್ಲೋ ಮಾಡಿಕೊಂಡು ಬಂದು ಪೆಟ್ಟಿಗೆಗೆ ತುಂಬುತ್ತಾರೆ. ಏರ್‌ಬಸ್ ಎ320 ಹಾರಿಸುವವರಿಗೆ ಈ ಗೊಂದಲವೇ ಇಲ್ಲ. ಅದರ ಪರ್ಫ್ ಪುಟದಲ್ಲಿ ರನ್‌ವೇ ಒದ್ದೆಯೋ ಒಣವೋ ಅಂತ ಕೇಳುವ ಸಾಲೇ ಇಲ್ಲ. ವಿ1, ವಿಆರ್, ವಿ2 ಮೂರನ್ನೂ ನೀವೇ ಬೇರೆ ಕಡೆಯಿಂದ ತಂದು ಟೈಪ್ ಮಾಡಬೇಕು. ಬೋಯಿಂಗ್ ಅಭಿಮಾನಿಗಳು ಬೇಜಾರು ಮಾಡಿಕೊಳ್ಳಬೇಡಿ, ಈ ಒಂದು ವಿಷಯದಲ್ಲಿ ನನಗೆ ಏರ್‌ಬಸ್ ದಾರಿಯೇ ಹೆಚ್ಚು ಪ್ರಾಮಾಣಿಕ ಅನ್ನಿಸುತ್ತದೆ. ನಮಗೆ ಸಿಮ್‌ಬ್ರೀಫ್ ಅನ್ನುವ ಹಾರಾಟ ಯೋಜನೆಯ ವೆಬ್‌ಸೈಟ್ ಟೇಕಾಫ್, ಲ್ಯಾಂಡಿಂಗ್ ವರದಿ ಕೊಡುತ್ತದೆ. ಒಳ್ಳೆಯ ಆಡ್-ಆನ್‌ಗಳ ಟ್ಯಾಬ್ಲೆಟ್‌ನಲ್ಲೂ ಕ್ಯಾಲ್ಕ್ಯುಲೇಟರ್ ಇರುತ್ತದೆ. ಬಳಸಿ.

ಈಗ ಕಷ್ಟದ ಭಾಗ. ಪೆಟ್ಟಿಗೆಗೆ ಗೊತ್ತಿರುವ ಪದ ಎರಡು ಮೂರು. ರನ್‌ವೇಗಳ ಸ್ಥಿತಿ ಎಷ್ಟು ಬಗೆ? 2021ರ ನವೆಂಬರ್ 4ರಿಂದ ಅಂತರರಾಷ್ಟ್ರೀಯ ವಿಮಾನಯಾನ ಸಂಸ್ಥೆ ಐಕಾವೊದ ಹೊಸ ವರದಿ ಪದ್ಧತಿ ಜಾರಿಯಲ್ಲಿದೆ. ರನ್‌ವೇಯನ್ನು ಮೂರು ಭಾಗ ಮಾಡಿ ಪ್ರತಿ ಭಾಗಕ್ಕೂ 6ರಿಂದ 0 ತನಕ ಒಂದು ಅಂಕ ಕೊಡುತ್ತಾರೆ. 6 ಅಂದರೆ ಒಣ. 5 ಅಂದರೆ ಒದ್ದೆ, ನೀರು 3 ಮಿಲಿಮೀಟರ್ ತನಕ. ಬರೀ ತೇವ ಇದ್ದರೂ ಅದು ಒದ್ದೆಯೇ, ನಡುವೆ ಬೇರೆ ಮೆಟ್ಟಿಲಿಲ್ಲ. ನೀರು 3 ಮಿಲಿಮೀಟರ್ ದಾಟಿತೋ, ಅಂಕ 5ರಿಂದ 4ಕ್ಕಲ್ಲ, ಸೀದಾ 2ಕ್ಕೆ ಬೀಳುತ್ತದೆ. 3 ಮಿಲಿಮೀಟರ್ ಅಂದರೆ ನಾಲ್ಕು ಎಟಿಎಂ ಕಾರ್ಡ್ ಒಂದರ ಮೇಲೊಂದು ಇಟ್ಟಷ್ಟು ದಪ್ಪ. 4 ಮತ್ತು 3 ಹೆಚ್ಚಾಗಿ ಹಿಮದ ಲೆಕ್ಕ. 1 ಅಂದರೆ ಮಂಜುಗಡ್ಡೆ. 0 ಅಂದರೆ ಒದ್ದೆ ಮಂಜುಗಡ್ಡೆ, ಅಲ್ಲಿ ಯಾರೂ ಹಾರಬಾರದು. '5/5/2' ಅಂತ ವರದಿ ಬಂದರೆ ಕೊನೆಯ ಮೂರನೇ ಒಂದು ಭಾಗದಲ್ಲಿ ನೀರು ನಿಂತಿರಬಹುದು. ನೀವು ಟೇಕಾಫ್ ನಿಲ್ಲಿಸಿದರೆ ಬ್ರೇಕ್ ಹಾಕುವುದು ಅಲ್ಲೇ ತಾನೇ?

ನಿಂತ ನೀರಿಗೆ ಯಾಕಿಷ್ಟು ಭಯ ಅಂದರೆ ಟೈರು ತೇಲುತ್ತದೆ. 1960ರ ದಶಕದ ನಾಸಾ ಪರೀಕ್ಷೆಗಳಿಂದ ಬಂದ ಒಂದು ಸುಲಭ ಸೂತ್ರ ಇದೆ. ಟೈರಿನ ಒತ್ತಡದ ವರ್ಗಮೂಲವನ್ನು 9ರಿಂದ ಗುಣಿಸಿದರೆ ತೇಲುವ ವೇಗ ನಾಟ್‌ಗಳಲ್ಲಿ ಸಿಗುತ್ತದೆ. ಒತ್ತಡ 200 ಪಿಎಸ್‌ಐ ಅಂತಿಟ್ಟುಕೊಂಡರೆ 127 ನಾಟ್. 140ರಲ್ಲಿ ನಿಲ್ಲಿಸಲು ಹೊರಟವನ ಟೈರು ಮೊದಲ ಕೆಲವು ಕ್ಷಣ ನೆಲವನ್ನೇ ಮುಟ್ಟಿರುವುದಿಲ್ಲ.

ಹೀಗಿರುವಾಗ ಅರೆ ಕರಗಿದ ಹಿಮದ ಮೇಲೆ ನಿಂತುಕೊಂಡು ಎಫ್‌ಎಂಸಿಯಲ್ಲಿ 'ವೆಟ್' ಒತ್ತಿದರೆ? ಹತ್ತಿರದ ಪದ ಅದೇ, ಅಲ್ವಾ? ಇದು ನಾವೆಲ್ಲ ಮಾಡುವ ತಪ್ಪು. ಹತ್ತಿರದ ಪದ ಆರಿಸಿದರೆ ಹತ್ತಿರದ ಉತ್ತರ ಬರುವುದಿಲ್ಲ. ಯಾಕೆಂದರೆ ಆ ಹಿಮ ನಿಲ್ಲುವುದನ್ನು ಮಾತ್ರ ಅಲ್ಲ, ಓಡುವುದನ್ನೂ ತಡೆಯುತ್ತದೆ. ಚಕ್ರ ಅದನ್ನು ತಳ್ಳಿಕೊಂಡು ಹೋಗಬೇಕು, ಎದ್ದ ರಾಡಿ ವಿಮಾನದ ಹೊಟ್ಟೆಗೆ ಬಡಿಯುತ್ತದೆ. 'ವೆಟ್' ಲೆಕ್ಕದಲ್ಲಿ ಇದ್ಯಾವುದೂ ಇಲ್ಲ. ಅಂಥ ಕಡೆ ಬೇರೆ ಕೋಷ್ಟಕ ನೋಡಲೇಬೇಕು. ಜೊತೆಗೆ ಊಹಿಸಿದ ತಾಪಮಾನ ಕೊಟ್ಟು ಥ್ರಸ್ಟ್, ಅಂದರೆ ಎಂಜಿನ್ ತಳ್ಳುವ ಬಲ, ಕಡಿಮೆ ಮಾಡುವ ಅಭ್ಯಾಸ ಇದೆಯಲ್ಲ, ಏರ್‌ಬಸ್‌ನವರು ಫ್ಲೆಕ್ಸ್ ಅನ್ನುತ್ತಾರಲ್ಲ, ಅದಕ್ಕೆ ಅಲ್ಲಿ ಅನುಮತಿ ಇಲ್ಲ.

ಇದು ತಿಳಿಯಲು ಜನ ಸತ್ತಿದ್ದಾರೆ. 1958ರ ಫೆಬ್ರವರಿ 6, ಮ್ಯೂನಿಕ್. ಮ್ಯಾಂಚೆಸ್ಟರ್ ಯುನೈಟೆಡ್ ಫುಟ್ಬಾಲ್ ತಂಡವನ್ನು ಹೊತ್ತ ವಿಮಾನ ಮೂರನೇ ಸಲ ಟೇಕಾಫ್‌ಗೆ ಪ್ರಯತ್ನಿಸಿತು. ವೇಗ 117 ನಾಟ್ ಮುಟ್ಟಿತು, ಅದೇ ವಿ1. ಇನ್ನು ನಿಲ್ಲಿಸುವಂತಿಲ್ಲ. ಆಮೇಲೆ ಸೂಜಿ ಮೇಲೇರುವ ಬದಲು ಕೆಳಗಿಳಿಯಿತು. 105ಕ್ಕೆ ಬಂತು. ರನ್‌ವೇ ಕೊನೆಯ ಭಾಗದಲ್ಲಿ ಯಾರೂ ಮುಟ್ಟದ ಅರೆ ಕರಗಿದ ಹಿಮ ಇತ್ತು. 23 ಜನ ತೀರಿಕೊಂಡರು. ರೆಕ್ಕೆಯ ಮೇಲಿನ ಮಂಜುಗಡ್ಡೆಯೇ ಕಾರಣ ಅಂತ ಜರ್ಮನ್ ತನಿಖೆ ಕ್ಯಾಪ್ಟನ್ ಜೇಮ್ಸ್ ಥೇನ್ ಮೇಲೆ ತಪ್ಪು ಹೊರಿಸಿತು. ನೆಲದ ಹಿಮವೇ ಕಾರಣ ಅಂತ ಹೇಳಿ ಬ್ರಿಟಿಷ್ ತನಿಖೆ ಅವರನ್ನು ದೋಷಮುಕ್ತ ಮಾಡಿದ್ದು 1969ರಲ್ಲಿ. ಹನ್ನೊಂದು ವರ್ಷ!

ಕಂಪ್ಯೂಟರ್ ಬಂದ ಮೇಲೆ ಇದೆಲ್ಲ ಸರಿಹೋಯಿತು ಅಂತ ಅನ್ನಿಸಬಹುದು. 2005ರ ಡಿಸೆಂಬರ್ 8, ಷಿಕಾಗೊ ಮಿಡ್‌ವೇ. ಹಿಮ ಬೀಳುತ್ತಿತ್ತು. ಸೌತ್‌ವೆಸ್ಟ್ 1248, ಇಳಿಯಲು ಬರುತ್ತಿದ್ದ ನಮ್ಮ ನಿಮ್ಮ ಪ್ರೀತಿಯ 737-700. ಪೈಲಟ್‌ಗಳು ಕಾಕ್‌ಪಿಟ್‌ನ ಲೆಕ್ಕದ ಕಂಪ್ಯೂಟರಿಗೆ ಎಲ್ಲವನ್ನೂ ತುಂಬಿದ್ದರು. ಬ್ರೇಕ್ ಹಿಡಿತ 'ಪೂರ್', ಅಂದರೆ ಕಳಪೆ, ಅಂತ ಹಾಕಿದರೂ ರನ್‌ವೇ ಮುಗಿಯಲು ಸುಮಾರು 40 ಅಡಿ ಇರುವಾಗ ನಿಲ್ಲುತ್ತದೆ ಅಂತ ಅದು ಹೇಳಿತು. 40 ಅಡಿ ಅಂದರೆ 12 ಮೀಟರ್, ವಿಮಾನದ ಅರ್ಧ ಉದ್ದವೂ ಅಲ್ಲ. ಅದರ ಹಿಂದೆ ಎರಡು ವಿಷಯ ಅಡಗಿದ್ದವು. ಹಿಂದಿನಿಂದ ಬೀಸುವ ಗಾಳಿ 8 ನಾಟ್ ಇತ್ತು, ಆದರೆ 'ಪೂರ್' ಲೆಕ್ಕದಲ್ಲಿ ಕಂಪ್ಯೂಟರ್ 5 ನಾಟ್‌ಗೆ ಮಿತಿ ಹಾಕಿಕೊಂಡು ಲೆಕ್ಕ ಮಾಡಿತ್ತು. ರಿವರ್ಸರ್ ತಕ್ಷಣ ತೆರೆಯುತ್ತದೆ ಅಂತಲೂ ಅದು ಅಂದುಕೊಂಡಿತ್ತು. ನಿಜದಲ್ಲಿ ನೆಲ ಮುಟ್ಟಿ ಹದಿನೈದು ಸೆಕೆಂಡಿಗೂ ಜಾಸ್ತಿ ಆದ ಮೇಲೆ ರಿವರ್ಸರ್ ತೆರೆಯಿತು. ವಿಮಾನ ಬೇಲಿ ಮುರಿದು ರಸ್ತೆಗೆ ನುಗ್ಗಿತು. ಕಾರಿನಲ್ಲಿದ್ದ ಒಂದು ಮಗು ಸತ್ತುಹೋಯಿತು. ಆಗಲೇ ಹೇಳಿದೆನಲ್ಲ, 6ರಿಂದ 0 ಅಂಕದ ಪದ್ಧತಿ, ಅದರ ಬೇರು ಈ ಅಪಘಾತದ ನಂತರ ಅಮೆರಿಕದಲ್ಲಿ ನಡೆದ ಕೆಲಸದಲ್ಲಿದೆ.

ಗಾಳಿಯ ಮಾತು ಬಂತು, ಅದೇ ಪುಟದ ಇನ್ನೆರಡು ಸಾಲು ಹೇಳಿಬಿಡುತ್ತೇನೆ. 'ಆರ್‌ಡಬ್ಲ್ಯು ವಿಂಡ್'ನಲ್ಲಿ ದಿಕ್ಕು, ವೇಗ ಹಾಕಿದರೆ ಎದುರು ಗಾಳಿ ಎಷ್ಟು, ಅಡ್ಡ ಗಾಳಿ ಎಷ್ಟು ಅಂತ ಬಿಡಿಸಿ ತೋರಿಸುತ್ತದೆ. ಮೆಟಾರ್‌ನಲ್ಲಿ (ನಿಲ್ದಾಣದ ಹವಾಮಾನ ವರದಿ) ಬರುವ ದಿಕ್ಕು ಭೂಗೋಳದ ಉತ್ತರದಿಂದ, ಟವರ್ ಹೇಳುವುದು ದಿಕ್ಸೂಚಿಯ ಉತ್ತರದಿಂದ. ಎರಡಕ್ಕೂ ದೊಡ್ಡ ವ್ಯತ್ಯಾಸ ಇರುವ ಜಾಗಗಳಲ್ಲಿ ಜೋಪಾನ. ಎದುರು ಗಾಳಿ ಹಾಕದೆ ಬಿಟ್ಟರೆ ನಿಮಗೆ ಲಾಭ ತಪ್ಪುತ್ತದೆ ಅಷ್ಟೇ. ಹಿಂದಿನ ಗಾಳಿ ಹಾಕದೆ ಬಿಟ್ಟರೆ ಅದು ಸಾಲ, ರನ್‌ವೇ ಕೊನೆಯಲ್ಲಿ ವಸೂಲಾಗುತ್ತದೆ. ಇನ್ನು ಇಳಿಜಾರು: ಎರಡು ತುದಿಗಳ ಎತ್ತರದ ವ್ಯತ್ಯಾಸವನ್ನು ಉದ್ದದಿಂದ ಭಾಗಿಸಿ. 3000 ಮೀಟರ್‌ಗೆ 24 ಮೀಟರ್ ಏರಿದರೆ ಶೇಕಡಾ 0.8. ಏರು ರನ್‌ವೇಯಲ್ಲಿ ನಿಲ್ಲುವುದು ಸುಲಭ, ವಿ1 ಸ್ವಲ್ಪ ಏರುತ್ತದೆ. ಇಳಿಜಾರಿನಲ್ಲಿ ಉಲ್ಟಾ.

ಮಧ್ಯದಲ್ಲಿ ಒಬ್ಬರು ಕೇಳಿದರು: 'ಸಾರ್, ತೂಕವೇ ತಪ್ಪು ಹಾಕಿದ್ದರೆ ರನ್‌ವೇ ಸರಿಯಾಗಿ ಹಾಕಿ ಏನು ಪ್ರಯೋಜನ?' ಒಳ್ಳೆಯ ಪ್ರಶ್ನೆ. 2009ರ ಮಾರ್ಚ್ 20ರಂದು ಮೆಲ್ಬರ್ನ್‌ನಲ್ಲಿ ಎಮಿರೇಟ್ಸ್‌ನ ಒಂದು ಎ340-500 ವಿಮಾನದ ಟೇಕಾಫ್ ಲೆಕ್ಕಕ್ಕೆ 362.9 ಟನ್ ಬದಲು 262.9 ಟನ್ ಅಂತ ಹೋಗಿತ್ತು. ಒಂದೇ ಅಂಕಿ. ಬಾಲ ನೆಲಕ್ಕೆ ಉಜ್ಜಿಕೊಂಡು, ರನ್‌ವೇ ಆಚೆಯ ಉಪಕರಣಗಳಿಗೆ ತಗುಲಿಕೊಂಡೇ ಅದು ಎದ್ದಿತು. ಯಾರಿಗೂ ಏನೂ ಆಗದೆ ವಾಪಸ್ ಬಂದು ಇಳಿಯಿತು. ಅದಕ್ಕೇ ಪ್ರಶ್ನೆ ಕೇಳಿದವರಿಗೆ ನನ್ನ ಉತ್ತರ: ವೇಗಗಳನ್ನು ನೋಡಿದ ತಕ್ಷಣ 'ಇದು ಈ ತೂಕಕ್ಕೆ ಸರಿ ಕಾಣುತ್ತಾ' ಅಂತ ಒಂದು ಅಂದಾಜು ನಿಮ್ಮ ತಲೆಯಲ್ಲಿ ಇರಬೇಕು. ಅದು ಬರುವುದು ಬರೆದಿಟ್ಟುಕೊಂಡರೆ ಮಾತ್ರ. ನನ್ನ ಹತ್ತಿರ ಒಂದು ನೋಟ್‌ಬುಕ್ ಇದೆ: ತೂಕ, ಫ್ಲಾಪ್, ಡ್ರೈನಲ್ಲಿ ವಿ1, ವೆಟ್‌ನಲ್ಲಿ ವಿ1. ಅಷ್ಟೇ.

ಇನ್ನೊಬ್ಬರು, 'ಸಿಮ್ಯುಲೇಟರಿನಲ್ಲಿ ರನ್‌ವೇ ನಿಜವಾಗಿ ಒದ್ದೆಯಾಗುತ್ತಾ?' ಅಂದರು. ಎಲ್ಲದರಲ್ಲೂ ಒಂದೇ ಥರ ಇಲ್ಲ. ಎಕ್ಸ್-ಪ್ಲೇನ್ 12ರಲ್ಲಿ ಮಳೆ, ಹಿಮಕ್ಕೆ ತಕ್ಕ ಹಾಗೆ ರನ್‌ವೇ ಹಿಡಿತ ಬದಲಾಗುತ್ತದೆ. ನಿಮ್ಮದರಲ್ಲಿ ಹೇಗೆ ಅಂತ ನೀವೇ ಅಳೆದು ನೋಡಬಹುದು.

ಒಂದು ಸಂಜೆ ಬಿಡುವು ಮಾಡಿಕೊಳ್ಳಿ. ಉದ್ದದ ರನ್‌ವೇ, ಭಾರದ ವಿಮಾನ. ಮೊದಲು ಒಣ ಹವೆಯಲ್ಲಿ 'ಡ್ರೈ' ವಿ1ಗೆ ಸರಿಯಾಗಿ ಟೇಕಾಫ್ ನಿಲ್ಲಿಸಿ, ಎಲ್ಲಿ ನಿಂತಿತು ಅಂತ ಗುರುತು ಮಾಡಿ. ಆಮೇಲೆ ಮಳೆ ಹಾಕಿ, 'ಡ್ರೈ' ಬಿಟ್ಟು ಹಾಗೇ ಇನ್ನೊಮ್ಮೆ. ಮೂರನೇ ಸಲ ಅದೇ ಮಳೆ, 'ವೆಟ್'. ನಾಲ್ಕನೇ ಸಲ ಅದೇ ಮಳೆ, ಅದೇ 'ವೆಟ್', ಆದರೆ ವಿ1 ಕೂಗು ಕೇಳಿಸಿದ ಮೇಲೆ ಒಂದು ಸೆಕೆಂಡ್ ಸುಮ್ಮನಿದ್ದು ಆಮೇಲೆ ಲಿವರ್ ಎಳೆಯಿರಿ. ಪ್ರತಿ ಸಲವೂ ಮುಗಿದ ಮೇಲೆ ಮೇಲಿನಿಂದ ನೋಡುವ ಕ್ಯಾಮೆರಾ ಹಾಕಿ, ಮೂಗು ಯಾವ ಪಟ್ಟೆಯ ಹತ್ತಿರ ಇದೆ ಅಂತ ಬರೆದುಕೊಳ್ಳಿ. ನನ್ನ ನೋಟ್‌ಬುಕ್ಕಿನಲ್ಲಿ ಆ ನಾಲ್ಕನೇ ಸಾಲಿನ ಮುಂದೆ ಒಂದೇ ಪದ ಇದೆ: ಹುಲ್ಲು.